ಸರೋವರಗಳ ಸೀಮೆ: ದುಡಿದವರು, ಕಂಡವರು, ಕಾದವರು

ಇಂಗ್ಲೆಂಡಿನ ವಾಯವ್ಯ ಮೂಲೆಯ ಲೇಕ್ ಡಿಸ್ಟ್ರಿಕ್ಟ್ ನಮ್ಮ ಬಳಗದ ಸದಸ್ಯರಿಗೆ ಹೊಸದೇನಲ್ಲ. ಬೇಸಿಗೆಯ ಬ್ಯಾಂಕ್ ಹಾಲಿಡೇ ಬಂತೆಂದರೆ ಚಿತ್ರಾನ್ನ, ಮೊಸರನ್ನಗಳ ಡಬ್ಬಿ ಕಟ್ಟಿಕೊಂಡು ವಿಂಡರ್‌ಮಿಯರ್ ಸರೋವರದ ದಂಡೆಗೆ ಹೋಗಿ, ದೋಣಿಯಲ್ಲಿ ಒಂದು ಸುತ್ತು ಹಾಕಿ, ವರ್ಡ್ಸ್‌ವರ್ತ್ ಕವಿಯ ಮನೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಕತ್ತಲಾಗುವ ಮುನ್ನ ಹಿಂತಿರುಗುವುದು ನಮ್ಮಲ್ಲಿ ಅನೇಕ ಕುಟುಂಬಗಳ ವಾಡಿಕೆ. ಊರಿನಿಂದ ತಂದೆತಾಯಿಗಳು ಬಂದರೆ ಅವರನ್ನೂ ತಪ್ಪದೆ ಕರೆದೊಯ್ಯುತ್ತೇವೆ. "ದೇವರು ಬಿಡುವಾಗಿ ಕುಳಿತು ಮಾಡಿದ ಜಾಗ" ಎಂದು ಹಿರಿಯರು ಮೆಚ್ಚಿಕೊಳ್ಳುತ್ತಾರೆ.

ಆ ಮಾತು ಅರ್ಧ ನಿಜ. ಬೆಟ್ಟವನ್ನೂ ನೀರನ್ನೂ ಮನುಷ್ಯ ಮಾಡಲಿಲ್ಲ. ಆದರೆ ಇಂದು ನಾವು ಅಲ್ಲಿ ಕಾಣುವ ಹುಲ್ಲು ಹೊದ್ದ ಬೋಳು ಗುಡ್ಡಗಳು, ಅವುಗಳ ನೆತ್ತಿಯವರೆಗೂ ಏರಿಹೋಗುವ ಕಲ್ಲುಗೋಡೆಗಳು, ಕಣಿವೆಯ ತಳದ ಹಸಿರು ಹೊಲಗಳು, ಕೆಲವು ಸರೋವರಗಳ ಅಂಚು ಕೂಡ ಮನುಷ್ಯರ ಕೈಯಿಂದಲೇ ಈ ರೂಪಕ್ಕೆ ಬಂದವು. ಐದಾರು ಸಾವಿರ ವರ್ಷಗಳ ದುಡಿಮೆ ಅದರ ಹಿಂದಿದೆ. ನಮ್ಮಂಥ ಪರವೂರಿನವರೂ ಹೋಗಿ ನೋಡಿ ಬರುವಂತೆ ಅದು ಉಳಿದಿರುವುದಾದರೂ ಕೆಲವರು ಹಟ ಹಿಡಿದು ಹೋರಾಡಿದ್ದರಿಂದ. ಆ ಹೋರಾಟಗಳಲ್ಲಿ ಗೆಲುವು ಸೋಲು ಎರಡೂ ಇದ್ದವು. ಈ ಸೀಮೆಯ ಚರಿತ್ರೆಯನ್ನು ಆ ದೃಷ್ಟಿಯಿಂದ ನಮ್ಮ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ನೆಲದ ಪರಿಚಯ

ಮೊದಲು ಭೂಗೋಳ. ಹಿಂದೆ ಕಂಬರ್ಲೆಂಡ್, ವೆಸ್ಟ್‌ಮೋರ್ಲೆಂಡ್, ಲ್ಯಾಂಕಾಶೈರ್ ಎಂಬ ಮೂರು ಕೌಂಟಿಗಳ ಗಡಿಗಳು ಈ ಬೆಟ್ಟಗಳ ನಡುವೆ ಒಂದುಗೂಡುತ್ತಿದ್ದವು. 1974ರಲ್ಲಿ ಈ ಸೀಮೆಯೆಲ್ಲ ಕಂಬ್ರಿಯಾ ಎಂಬ ಒಂದೇ ಕೌಂಟಿಗೆ ಸೇರಿತು. 2023ರಿಂದ ಅದರ ಆಡಳಿತ ಮತ್ತೆ ಎರಡು ಭಾಗವಾಗಿ, ಹಳೆಯ ಹೆಸರುಗಳು ಹಿಂದಿರುಗಿವೆ. 1951ರಲ್ಲಿ ಈ ಸೀಮೆಯನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. 2016ರಲ್ಲಿ ಇನ್ನಷ್ಟು ನೆಲ ಸೇರಿ ಅದರ ವಿಸ್ತೀರ್ಣ ಈಗ ಸುಮಾರು 2,360 ಚದರ ಕಿಲೋಮೀಟರ್.

ಇಂಗ್ಲೆಂಡಿನ ಅತಿ ಎತ್ತರದ ಶಿಖರ ಸ್ಕಾಫೆಲ್ ಪೈಕ್ ಇಲ್ಲಿದೆ; ಎತ್ತರ 978 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಅರ್ಧದಷ್ಟು ಎಂದು ನಗುವವರು ಒಮ್ಮೆ ಮಳೆಗಾಳಿಯಲ್ಲಿ ಅದನ್ನು ಹತ್ತಿ ನೋಡಬೇಕು. ಇಂಗ್ಲೆಂಡಿನ ಅತಿ ದೊಡ್ಡ ಸರೋವರ ವಿಂಡರ್‌ಮಿಯರ್, ಅತಿ ಆಳದ ಸರೋವರ ವಾಸ್ಟ್‌ವಾಟರ್, ಎರಡೂ ಇಲ್ಲಿನವೇ. ವಿಂಡರ್‌ಮಿಯರಿನ ಉದ್ದ ಸುಮಾರು 17 ಕಿಲೋಮೀಟರ್. ಒಂದು ತಮಾಷೆಯ ಸಂಗತಿ: ಲೇಕ್ ಡಿಸ್ಟ್ರಿಕ್ಟಿನಲ್ಲಿ ಹೆಸರಿನಲ್ಲಿಯೇ 'ಲೇಕ್' ಎಂದಿರುವ ಸರೋವರ ಒಂದೇ, ಬ್ಯಾಸೆನ್‌ತ್ವೇಟ್ ಲೇಕ್. ಉಳಿದವೆಲ್ಲ 'ಮಿಯರ್', 'ವಾಟರ್' ಅಥವಾ 'ಟಾರ್ನ್'.

ಕೊನೆಯ ಹಿಮಯುಗ ಮುಗಿದು ಸುಮಾರು 11,700 ವರ್ಷಗಳಾದವು. ಅಲ್ಲಿಯವರೆಗೆ ಈ ಬೆಟ್ಟಗಳ ನಡುವೆ ತೆವಳುತ್ತಿದ್ದ ಹಿಮನದಿಗಳು ಕಣಿವೆಗಳನ್ನು ದೋಣಿಯ ಹೊಟ್ಟೆಯಂತೆ ಕೊರೆದವು. ಮಂಜು ಕರಗಿದಾಗ ಆ ದೋಣಿಗಳಲ್ಲಿ ನೀರು ತುಂಬಿತು. ನಕ್ಷೆಯಲ್ಲಿ ನೋಡಿದರೆ ಸರೋವರಗಳು ನಡುವಿನ ಬೆಟ್ಟಗಳಿಂದ ಗಾಲಿಯ ಅರೆಕಾಲುಗಳಂತೆ ಸುತ್ತಲೂ ಚಾಚಿಕೊಂಡಿರುವುದು ಕಾಣುತ್ತದೆ. ಮಳೆಗೂ ಇಲ್ಲಿ ಕೊರತೆಯಿಲ್ಲ. ಬಾರೋಡೇಲ್ ಕಣಿವೆಯ ಸೀತ್ವೇಟ್ ಎಂಬ ಹಳ್ಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಇಂಗ್ಲೆಂಡಿನಲ್ಲಿ ಜನವಸತಿಯಿರುವ ಊರುಗಳಲ್ಲಿ ಇದೇ ಮೊದಲನೆಯದು. ಆಗುಂಬೆಯಲ್ಲಿ ಇದರ ಎರಡರಷ್ಟು ಸುರಿಯುತ್ತದೆಂಬುದು ನಿಜ. ಆದರೆ ಆಗುಂಬೆಯಲ್ಲಿ ಮಳೆಗಾಲ ಮುಗಿಯುತ್ತದೆ, ಇಲ್ಲಿ ಮುಗಿಯುವುದಿಲ್ಲ. 2015ರ ಡಿಸೆಂಬರ್ 5ರಂದು ಇಲ್ಲಿನ ಹಾನಿಸ್ಟರ್ ಕಣಿವೆದಾರಿಯಲ್ಲಿ 24 ಗಂಟೆಗಳಲ್ಲಿ 341.4 ಮಿಲಿಮೀಟರ್ ಮಳೆ ಬಿದ್ದದ್ದು ಈ ದೇಶದ ದಾಖಲೆ.

ಕಲ್ಲುಕೊಡಲಿಯಿಂದ ಕುರಿಮಂದೆಯವರೆಗೆ

ಹಿಮ ಸರಿದ ಮೇಲೆ ಈ ಗುಡ್ಡಗಳನ್ನು ಕಾಡು ಮುಚ್ಚಿಕೊಂಡಿತ್ತು. ಅದನ್ನು ಮೊದಲು ಕಡಿದವರು ನವಶಿಲಾಯುಗದ ರೈತರು. ಕಡಿಯಲು ಬೇಕಾದ ಕೊಡಲಿಯೂ ಇಲ್ಲಿಯೇ ಸಿದ್ಧವಾಗುತ್ತಿತ್ತು. ಲ್ಯಾಂಗ್‌ಡೇಲ್ ಕಣಿವೆಯ ಮೇಲೆ, ಪೈಕ್ ಆಫ್ ಸ್ಟಿಕಲ್ ಎಂಬ ಶಿಖರದ ಕಡಿದಾದ ಇಳಿಜಾರಿನಲ್ಲಿ, ಕ್ರಿಸ್ತಪೂರ್ವ 4000ರ ಆಸುಪಾಸಿನಿಂದಲೇ ಹಸಿರು ಛಾಯೆಯ ಗಟ್ಟಿ ಕಲ್ಲನ್ನು ಒಡೆದು ಕೊಡಲಿಗಳನ್ನು ಮಾಡುತ್ತಿದ್ದರು. ಆ ಕೊಡಲಿಗಳು ಬ್ರಿಟನ್ನಿನ ಉದ್ದಗಲಕ್ಕೂ, ಸಮುದ್ರದಾಚೆ ಐರ್ಲೆಂಡಿನಲ್ಲೂ ಸಿಕ್ಕಿವೆ. ಒಡೆದುಳಿದ ಚಕ್ಕೆಗಳು ಇಂದಿಗೂ ಆ ಇಳಿಜಾರಿನಲ್ಲಿ ರಾಶಿಯಾಗಿ ಬಿದ್ದಿವೆ. ಕೆಸಿಕ್ ಊರಿನ ಬಳಿಯ ಕಾಸಲ್‌ರಿಗ್ ಕಲ್ಲುವೃತ್ತ ಸುಮಾರು ಕ್ರಿಸ್ತಪೂರ್ವ 3000ದ್ದು. ಸುತ್ತಲೂ ಬೆಟ್ಟಗಳೇ ಗೋಡೆಯಾಗಿ ನಿಂತ ಬಯಲಿನಲ್ಲಿ ಸುಮಾರು 40 ಕಲ್ಲುಗಳಿವೆ. (ಊರಿನ ಹೆಸರಿನಲ್ಲಿ ಡಬ್ಲ್ಯು ಅಕ್ಷರವಿದ್ದರೂ ಉಚ್ಚಾರಣೆ 'ಕೆಸಿಕ್' ಎಂದೇ; ದಾರಿ ಕೇಳುವಾಗ ನೆನಪಿರಲಿ.)

ಅನಂತರ ಬಂದವರು ರೋಮನ್ನರು. ಆಂಬಲ್‌ಸೈಡಿನಲ್ಲಿ ಸರೋವರದ ದಂಡೆಯ ಮೇಲೂ, ಹಾರ್ಡ್‌ನಾಟ್ ಕಣಿವೆದಾರಿಯ ಮೇಲೂ ಕೋಟೆಗಳನ್ನು ಕಟ್ಟಿದರು. ಹಾರ್ಡ್‌ನಾಟ್ ಕೋಟೆ ಕಟ್ಟಿದ್ದು ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ. ಅಲ್ಲಿ ಕಾವಲಿದ್ದವರು ಆಡ್ರಿಯಾಟಿಕ್ ಕಡಲ ತೀರದ ಡಾಲ್ಮೇಷಿಯಾದಿಂದ ಬಂದ ಸೈನಿಕರು. ಬಿಸಿಲ ನಾಡಿನವರು ಈ ಗಾಳಿಮಳೆಯಲ್ಲಿ ಹೇಗೆ ದಿನ ದೂಡಿದರೋ ಎಂಬುದನ್ನು ಮೊದಲ ಚಳಿಗಾಲ ಕಳೆದ ನಮ್ಮ ಸದಸ್ಯರು ಚೆನ್ನಾಗಿ ಊಹಿಸಬಲ್ಲರು.

ಆದರೆ ಈ ಸೀಮೆಗೆ ತನ್ನ ಮಾತನ್ನು ಕೊಟ್ಟವರು ಹತ್ತನೆಯ ಶತಮಾನದಲ್ಲಿ ಐರ್ಲೆಂಡ್ ಮತ್ತು ಐಲ್ ಆಫ್ ಮ್ಯಾನ್ ಕಡೆಯಿಂದ ಬಂದು ನೆಲೆಸಿದ ನಾರ್ವೆ ಮೂಲದ ಜನ. ನಮ್ಮಲ್ಲಿ ಕೊಪ್ಪ, ಹಳ್ಳಿ, ಸಂದ್ರ ಎಂದು ಊರ ಹೆಸರುಗಳು ಮುಗಿಯುವಂತೆ ಇಲ್ಲಿ 'ತ್ವೇಟ್' ಎಂದು ಮುಗಿಯುತ್ತವೆ. ಕಾಡು ಕಡಿದು ಮಾಡಿದ ಬಯಲು ಎಂದು ಅದರರ್ಥ. 'ಫೆಲ್' ಎಂದರೆ ಗುಡ್ಡ, 'ಬೆಕ್' ಎಂದರೆ ತೊರೆ, 'ಟಾರ್ನ್' ಎಂದರೆ ಬೆಟ್ಟದ ಮೇಲಿನ ಕೊಳ, 'ಫೋರ್ಸ್' ಎಂದರೆ ಜಲಪಾತ. ಕುರಿ ಎಣಿಸಲು ಹಳಬರು ಬಳಸುತ್ತಿದ್ದ 'ಯಾನ್, ಟ್ಯಾನ್, ಟೆಥೆರಾ' ಎಂಬ ಲೆಕ್ಕವಾದರೋ ಇವರಿಗಿಂತಲೂ ಹಳೆಯ ಕೆಲ್ಟಿಕ್ ಮಾತಿಗೆ ಹತ್ತಿರವಾದದ್ದು. ರಾಜ್ಯಗಳು ಅಳಿದರೂ ಊರ ಹೆಸರೂ ಎಣಿಕೆಯೂ ಜನರ ಬಾಯಲ್ಲಿ ಉಳಿದುಬಿಡುತ್ತವೆ. ಪರದೇಶದಲ್ಲಿ ಮಕ್ಕಳಿಗೆ ಒಂದು, ಎರಡು, ಮೂರು ಕಲಿಸಲು ಹೆಣಗುವ ನಮಗೆ ಇದು ಧೈರ್ಯ ಕೊಡುವ ಸಂಗತಿ.

ಹನ್ನೆರಡನೆಯ ಶತಮಾನದಲ್ಲಿ ಫರ್ನೆಸ್ ಮಠದಂಥ ಕ್ರೈಸ್ತ ಮಠಗಳು ಗುಡ್ಡಗಳನ್ನು ಹಿಡಿದು ಉಣ್ಣೆಯ ವ್ಯಾಪಾರವನ್ನು ಬೆಳೆಸಿದವು. ಕುರಿ ಮೇಯ್ದಲ್ಲಿ ಗಿಡ ಚಿಗುರದು; ಹೀಗೆ ಗುಡ್ಡಗಳು ಇನ್ನಷ್ಟು ಬೋಳಾದವು. ಇಲ್ಲಿಯ ಕುರಿಯ ತಳಿ ಹೆರ್ಡ್‌ವಿಕ್. ಮರಿ ಹುಟ್ಟುವಾಗ ಕಪ್ಪು, ವಯಸ್ಸಾದಂತೆ ಬೂದಿ ಬಣ್ಣ, ಮುಖ ಮಾತ್ರ ಬಿಳಿ. ನಮ್ಮ ಗೋಮಾಳದಂತೆ ಇಲ್ಲಿನ ಎತ್ತರದ ಗುಡ್ಡಗಳಲ್ಲಿ ಬಹುಭಾಗ ಹಲವು ರೈತರಿಗೆ ಸಮಾನ ಹಕ್ಕಿರುವ ಮೇವುಭೂಮಿ. ನಡುವೆ ಬೇಲಿಯಿಲ್ಲ. ಆದರೂ ಒಬ್ಬರ ಮಂದೆ ಇನ್ನೊಬ್ಬರ ಪಾಲಿನ ಗುಡ್ಡಕ್ಕೆ ಸಾಮಾನ್ಯವಾಗಿ ಹೋಗುವುದಿಲ್ಲ. ತನ್ನ ಜಾಗ ಯಾವುದೆಂದು ತಾಯಿಕುರಿಗೆ ಗೊತ್ತು. ಅದರ ಹಿಂದೆ ತಿರುಗುತ್ತ ಮರಿ ಕಲಿಯುತ್ತದೆ. ಇದಕ್ಕೆ ಇಲ್ಲಿಯವರು 'ಹೆಫ್ಟ್' ಎನ್ನುತ್ತಾರೆ. ತಪ್ಪಿಸಿಕೊಂಡ ಕುರಿಯ ಒಡೆಯ ಯಾರೆಂದು ತಿಳಿಯಲು ಕಿವಿಗೆ ಕತ್ತರಿಸಿದ ಗುರುತು, ಮೈಗೆ ಬಳಿದ ಬಣ್ಣದ ಗುರುತು ಇರುತ್ತದೆ. ಈ ಗುರುತುಗಳನ್ನೆಲ್ಲ ಚಿತ್ರಸಮೇತ ಪಟ್ಟಿ ಮಾಡಿದ ಪುಸ್ತಕ 1817ರಷ್ಟು ಹಿಂದೆಯೇ ಅಚ್ಚಾಗಿತ್ತು.

ಗಣಿ, ಸೀಸದ ಕಡ್ಡಿ, ಬಾಬಿನ್

ಈ ಶಾಂತ ಕಣಿವೆಗಳು ಒಂದು ಕಾಲಕ್ಕೆ ಹೊಗೆ ತುಂಬಿದ ಕೈಗಾರಿಕೆಯ ಜಾಗಗಳಾಗಿದ್ದವು. ಮೊದಲನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ, 1560ರ ದಶಕದಲ್ಲಿ, ತಾಮ್ರ ತೆಗೆಯಲು ಜರ್ಮನ್ ಗಣಿಗಾರರನ್ನು ಕರೆಸಿದರು. ಆಗ್ಸ್‌ಬರ್ಗ್ ನಗರದ ಬಂಡವಾಳಗಾರರ ಪರವಾಗಿ ಡೇನಿಯಲ್ ಹೆಕ್‌ಸ್ಟೆಟರ್ ಎಂಬವನು ಮೇಲ್ವಿಚಾರಣೆಗೆ ಬಂದ. ಕೆಸಿಕ್ ಬಳಿ ಅದಿರು ಕರಗಿಸುವ ಕುಲುಮೆಗಳೆದ್ದವು. ಪರದೇಶಿಗಳ ಮೇಲೆ ಊರವರಿಗೆ ಮೊದಲು ಸಿಟ್ಟಿತ್ತು, ಜಗಳಗಳೂ ಆದವು. ಆದರೆ ಕೆಲವೇ ವರ್ಷಗಳಲ್ಲಿ ಜರ್ಮನ್ ಗಂಡಸರಿಗೂ ಊರಿನ ಹೆಣ್ಣುಮಕ್ಕಳಿಗೂ ಮದುವೆಗಳಾಗತೊಡಗಿದವು. ಕ್ರಾಸ್‌ತ್ವೇಟ್ ಇಗರ್ಜಿಯ ದಾಖಲೆ ಪುಸ್ತಕದಲ್ಲಿ ಆ ಹೆಸರುಗಳಿವೆ. ಎರಡು ಮೂರು ತಲೆಮಾರಿನಲ್ಲಿ ಅವರು ಈ ಊರಿನವರೇ ಆಗಿಹೋದರು.

ಬಾರೋಡೇಲಿನಲ್ಲಿ ಸಿಕ್ಕ ಇನ್ನೊಂದು ವಸ್ತು ನಮ್ಮೆಲ್ಲರ ಶಾಲಾಚೀಲವನ್ನು ಸೇರಿದೆ. ಹದಿನಾರನೆಯ ಶತಮಾನದಲ್ಲಿ ಸೀತ್ವೇಟ್ ಬಳಿ ಶುದ್ಧವಾದ ಗಟ್ಟಿ ಗ್ರಾಫೈಟ್ ಸಿಕ್ಕಿತು. ಮೊದಮೊದಲು ಕುರಿಗಳಿಗೆ ಗುರುತು ಹಾಕಲು ಬಳಸಿದರು. ಫಿರಂಗಿ ಗುಂಡು ಎರಕ ಹೊಯ್ಯುವ ಅಚ್ಚಿಗೂ ಅದು ಬೇಕಾದಾಗ ಬೆಲೆ ಏರಿತು, ಕಳ್ಳತನವೂ ಹೆಚ್ಚಿತು. 1752ರಲ್ಲಿ ಇದನ್ನು ಕದಿಯುವುದು ಘೋರ ಅಪರಾಧವೆಂದು ಪಾರ್ಲಿಮೆಂಟೇ ಕಾಯಿದೆ ಮಾಡಿತು. ಕೆಸಿಕ್ಕಿನಲ್ಲಿ ಸೀಸದ ಕಡ್ಡಿಯ ಉದ್ಯಮ ಬೆಳೆದದ್ದು ಈ ಗಣಿಯಿಂದ. ಕಾರ್ಖಾನೆ ಈಗ ಬೇರೆ ಊರಿಗೆ ಹೋಗಿದೆ, ಪೆನ್ಸಿಲ್ ವಸ್ತುಸಂಗ್ರಹಾಲಯ ಕೆಸಿಕ್ಕಿನಲ್ಲಿಯೇ ಇದೆ. ಮಕ್ಕಳನ್ನು ಕರೆದೊಯ್ಯಲು ಮಳೆಯ ದಿನಕ್ಕೆ ಹೇಳಿ ಮಾಡಿಸಿದ ಜಾಗ.

ಇನ್ನು ವಿಂಡರ್‌ಮಿಯರ್ ಸುತ್ತಣ ಕಾಡುಗಳು. ಇಲ್ಲಿ ಮರವನ್ನು ಬುಡಮಟ್ಟಕ್ಕೆ ಕಡಿದು, ಮತ್ತೆ ಚಿಗುರಿದ ಕೋಲುಗಳನ್ನು ಸರದಿಯಂತೆ ಕೊಯ್ಯುತ್ತಿದ್ದರು. ಅವು ಇದ್ದಿಲಿಗೂ ಬಾಬಿನ್‌ಗೂ ಆಗುತ್ತಿದ್ದವು. ಲ್ಯಾಂಕಾಶೈರಿನ ಹತ್ತಿ ಗಿರಣಿಗಳಿಗೆ ನೂಲು ಸುತ್ತುವ ಮರದ ಬಾಬಿನ್‌ಗಳು ಅಗಾಧ ಸಂಖ್ಯೆಯಲ್ಲಿ ಬೇಕಾಗುತ್ತಿದ್ದವು. 1835ರಲ್ಲಿ ಆರಂಭವಾದ ಸ್ಟಾಟ್ ಪಾರ್ಕ್ ಬಾಬಿನ್ ಗಿರಣಿ 1971ರವರೆಗೆ ನಡೆಯಿತು. ಈಗ ನೋಡುಗರಿಗೆ ತೆರೆದಿದೆ. ಲ್ಯಾಂಕಾಶೈರಿನ ಆ ಬಟ್ಟೆಯೇ ಹಡಗು ಹತ್ತಿ ನಮ್ಮ ದೇಶದ ಸಂತೆಗಳಿಗೆ ಬಂದು ನಮ್ಮ ನೇಕಾರರ ಮಗ್ಗಗಳನ್ನು ನಿಲ್ಲಿಸಿತೆಂಬುದು ನಮಗೆ ಗೊತ್ತಿರುವ ಕತೆ. ಈ ಕಾಡಿನ ಕೋಲಿಗೂ ನಮ್ಮೂರ ಮಗ್ಗಕ್ಕೂ ಹೀಗೊಂದು ಸಂಬಂಧವಿದೆ. ಸರೋವರದ ದಂಡೆಯ ಚೆಂದದ ಬಂಗಲೆಗಳ ಹಣವೂ ಎಲ್ಲ ಒಳ್ಳೆಯ ದಾರಿಯಿಂದ ಬಂದದ್ದಲ್ಲ. ಸ್ಟಾರ್ಸ್ ಹಾಲ್ ಎಂಬ ಭವನದ ಒಡೆಯ ಜಾನ್ ಬೋಲ್ಟನ್ ಲಿವರ್‌ಪೂಲಿನಲ್ಲಿ ಗುಲಾಮರ ವ್ಯಾಪಾರ ಮಾಡಿ ಶ್ರೀಮಂತನಾದವನು.

ನೋಡುವ ಕಣ್ಣು

1720ರ ದಶಕದಲ್ಲಿ ದೇಶ ಸುತ್ತಿ ಬರೆದ ಡೇನಿಯಲ್ ಡಿಫೋ ಈ ಸೀಮೆಯನ್ನು ಒರಟು, ಬಂಜರು, ಭಯಂಕರ ಎಂದು ಬಗೆದ. ಐವತ್ತು ವರ್ಷ ಕಳೆಯುವುದರಲ್ಲಿ ಅದೇ ಬೆಟ್ಟಗಳು ಸುಂದರವೆನಿಸಿದವು. ಕವಿ ಥಾಮಸ್ ಗ್ರೇ 1769ರಲ್ಲಿ ಬಂದುಹೋದ. 1778ರಲ್ಲಿ ಥಾಮಸ್ ವೆಸ್ಟ್ ಎಂಬ ಪಾದ್ರಿ ಬರೆದ ಮಾರ್ಗದರ್ಶಿಯಲ್ಲಿ ಎಲ್ಲೆಲ್ಲಿ ನಿಂತು ನೋಡಬೇಕೆಂಬುದನ್ನೂ ಗೊತ್ತುಮಾಡಿದ್ದ. ಆ ಕಾಲದ ಪ್ರವಾಸಿಗರು ಬಣ್ಣದ ಛಾಯೆಯ ಉಬ್ಬುಗನ್ನಡಿಯನ್ನು ಕೈಯಲ್ಲಿ ಹಿಡಿದು, ಸರೋವರಕ್ಕೆ ಬೆನ್ನು ತಿರುಗಿಸಿ ನಿಂತು, ಕನ್ನಡಿಯೊಳಗಿನ ಚಿತ್ರವನ್ನು ನೋಡಿ ಸಂತೋಷಪಡುತ್ತಿದ್ದರು. ಇಂದು ಸರೋವರಕ್ಕೆ ಬೆನ್ನು ಮಾಡಿ ಮೊಬೈಲ್ ಹಿಡಿದು ನಿಲ್ಲುವ ನಾವು ಅವರನ್ನು ನೋಡಿ ನಗುವಂತಿಲ್ಲ!

ವಿಲಿಯಂ ವರ್ಡ್ಸ್‌ವರ್ತ್ ಹೊರಗಿನಿಂದ ಬಂದ ಪ್ರವಾಸಿಯಲ್ಲ. 1770ರಲ್ಲಿ ಕಾಕರ್‌ಮತ್‌ನಲ್ಲಿ ಹುಟ್ಟಿ, ಹಾಕ್ಸ್‌ಹೆಡ್‌ನಲ್ಲಿ ಓದಿ, 1799ರ ಕೊನೆಯಲ್ಲಿ ತಂಗಿ ಡೊರೊತಿಯೊಡನೆ ಗ್ರಾಸ್‌ಮಿಯರಿನ ಡವ್ ಕಾಟೇಜಿಗೆ ಬಂದು ನೆಲೆಸಿದ. ಕರ್ನಾಟಕದ ಶಾಲೆ ಕಾಲೇಜುಗಳಲ್ಲಿ ಡ್ಯಾಫೊಡಿಲ್ ಹೂವನ್ನು ಕಣ್ಣಿಂದ ಕಾಣದೆಯೇ ಅವನ ಪದ್ಯವನ್ನು ಬಾಯಿಪಾಠ ಮಾಡಿದ ನಾವು, ಅದರ ಹಿಂದೆ ಡೊರೊತಿಯ ದಿನಚರಿ ಇದ್ದದ್ದನ್ನು ಪರೀಕ್ಷೆಗೆ ಓದಲಿಲ್ಲ. 1802ರ ಏಪ್ರಿಲ್ 15ರಂದು ಅಲ್ಸ್‌ವಾಟರ್ ದಂಡೆಯಲ್ಲಿ ಅಣ್ಣ ತಂಗಿ ಇಬ್ಬರೂ ಆ ಹೂಗಳನ್ನು ಕಂಡರು. ಅಂದೇ ಬರೆದಿಟ್ಟವಳು ತಂಗಿ; ಅಣ್ಣನ ಪದ್ಯ ಅಚ್ಚಾದದ್ದು 1807ರಲ್ಲಿ.

ನಮ್ಮ ದೇಶದ ನೆರಳೂ ಆ ಮನೆಯ ಮೇಲೆ ಬಿದ್ದಿತ್ತು. ಕವಿಯ ತಮ್ಮ ಜಾನ್ ಈಸ್ಟ್ ಇಂಡಿಯಾ ಕಂಪನಿಯ ಹಡಗೊಂದರ ಕಪ್ತಾನ. ಬಂಗಾಳ, ಚೀನಾಗಳಿಗೆ ಹೊರಟಿದ್ದ ಆ ಹಡಗು 1805ರ ಫೆಬ್ರವರಿ 5ರಂದು ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿಯೇ ಮುಳುಗಿತು, ಜಾನ್ ತೀರಿಕೊಂಡ. ವ್ಯಾಪಾರದಲ್ಲಿ ಗಳಿಸಿ ಬಂದು ಅಣ್ಣ ತಂಗಿಯರೊಡನೆ ಗ್ರಾಸ್‌ಮಿಯರಿನಲ್ಲಿ ನೆಲೆಸಬೇಕೆಂಬ ಅವನ ಆಸೆ ಹಾಗೆಯೇ ಉಳಿಯಿತು. ದೂರದೇಶದಲ್ಲಿ ನಾಲ್ಕು ಕಾಸು ಕೂಡಿಸಿ ಊರಿಗೆ ಮರಳುವ ಲೆಕ್ಕಾಚಾರ ನಮಗೇನು ಅಪರಿಚಿತವೇ?

ರೈಲಿನ ವಾದ

ವರ್ಡ್ಸ್‌ವರ್ತ್ ತನ್ನ ಸೀಮೆಯ ಬಗ್ಗೆ ಒಂದು ಮಾರ್ಗದರ್ಶಿಯನ್ನೂ ಬರೆದ. ಅದರ ಮೊದಲ ರೂಪ 1810ರಲ್ಲಿ ಬಂತು. ನೋಡುವ ಕಣ್ಣೂ ಸವಿಯುವ ಮನಸ್ಸೂ ಇರುವ ಪ್ರತಿಯೊಬ್ಬರಿಗೂ ಈ ಸೀಮೆಯಲ್ಲಿ ಹಕ್ಕುಂಟು, ಇದು ಒಂದು ಬಗೆಯಲ್ಲಿ ಇಡೀ ರಾಷ್ಟ್ರದ ಸೊತ್ತು ಎಂಬ ವಿಚಾರ ಅದರಲ್ಲಿದೆ. ಮುಂದೆ ರಾಷ್ಟ್ರೀಯ ಉದ್ಯಾನಗಳ ಕಲ್ಪನೆಗೆ ಇದೇ ಬೀಜ ಎನ್ನುತ್ತಾರೆ.

ಆದರೆ 1844ರಲ್ಲಿ ಕೆಂಡಲ್‌ನಿಂದ ವಿಂಡರ್‌ಮಿಯರಿಗೆ ರೈಲು ತರುವ ಯೋಜನೆ ಬಂದಾಗ ಅದೇ ಕವಿ ಪತ್ರಿಕೆಗೆ ಬರೆದು ವಿರೋಧಿಸಿದ. ರೈಲಿನ ಹೊಗೆ, ಸದ್ದು ಒಂದು ಕಾರಣ. ಗಿರಣಿ ಕೂಲಿಗಳನ್ನು ಗುಂಪು ಗುಂಪಾಗಿ ತಂದು ಇಳಿಸಿದರೆ ಅವರಿಗೇನೂ ಲಾಭವಿಲ್ಲ, ಇಂಥ ನೋಟವನ್ನು ಸವಿಯುವ ಅಭ್ಯಾಸ ನಿಧಾನವಾಗಿ ಬರಬೇಕು ಎಂಬುದು ಇನ್ನೊಂದು ಕಾರಣ. ಎಲ್ಲರ ಸೊತ್ತು ಎಂದವನೇ ಎಲ್ಲರೂ ಬರುವುದು ಬೇಡವೆಂದದ್ದು ಹೀಗೆ. ಅವನ ಮಾತು ನಡೆಯಲಿಲ್ಲ. 1847ರಲ್ಲಿ ರೈಲು ಬಂತು. ಬಾಬಿನ್‌ನಲ್ಲಿ ನೂಲು ಸುತ್ತುತ್ತಿದ್ದ ಲ್ಯಾಂಕಾಶೈರಿನ ಹೆಂಗಸರು, ಗಂಡಸರು ಆ ಬಾಬಿನ್ ಬೆಳೆದ ಕಾಡನ್ನು ರಜೆಯ ದಿನ ನೋಡುವಂತಾಯಿತು. ನಿಲ್ದಾಣದ ಸುತ್ತ ಬೆಳೆದದ್ದೇ ಇಂದಿನ ವಿಂಡರ್‌ಮಿಯರ್ ಪಟ್ಟಣ.

ಕವಿಯ ಭಯ ಪೂರ್ತಿ ಸುಳ್ಳೇನೂ ಅಲ್ಲ. ಬೇಸಿಗೆಯ ಭಾನುವಾರ ಕಾರು ನಿಲ್ಲಿಸಲು ಜಾಗ ಹುಡುಕಿದವರಿಗೆ ಅದು ಗೊತ್ತು. ಆದರೆ ಕಣ್ಣೂ ಮನಸ್ಸೂ ಯಾರಿಗುಂಟು ಯಾರಿಗಿಲ್ಲವೆಂದು ಯಾರು ತೀರ್ಪು ಕೊಡಬೇಕು? ಆ ತೀರ್ಪು ಅಂದು ಜಾರಿಯಾಗಿದ್ದರೆ ಗಿರಣಿ ಕೂಲಿಗಳಾಗಲಿ, ಅವರ ನಂತರ ಬಂದ ನಾವಾಗಲಿ ಈ ದಂಡೆಯ ಮೇಲೆ ಬುತ್ತಿ ಬಿಚ್ಚುವಂತಿರಲಿಲ್ಲ.

ಮ್ಯಾಂಚೆಸ್ಟರಿನ ಬಾಯಾರಿಕೆ

ರೈಲಿಗಿಂತ ದೊಡ್ಡ ಜಗಳ ನೀರಿನದು. ಬೆಳೆಯುತ್ತಿದ್ದ ಮ್ಯಾಂಚೆಸ್ಟರ್ ನಗರಕ್ಕೆ ಶುದ್ಧ ನೀರು ಬೇಕಿತ್ತು. ಥರ್ಲ್‌ಮಿಯರ್ ಸರೋವರಕ್ಕೆ ಅಣೆಕಟ್ಟು ಕಟ್ಟುವುದೆಂದಾಯಿತು. 1877ರಲ್ಲಿ ವಿರೋಧಿಗಳ ಸಂಘ ಹುಟ್ಟಿತು. ಕಾನಿಸ್ಟನ್ ಸರೋವರದ ದಂಡೆಯಲ್ಲಿ ವಾಸವಾಗಿದ್ದ ಜಾನ್ ರಸ್ಕಿನ್ ಕೂಡ ಬೆಂಬಲಕ್ಕೆ ನಿಂತ. ಆದರೂ 1879ರಲ್ಲಿ ಕಾಯಿದೆಯಾಯಿತು. 1894ರಲ್ಲಿ 96 ಮೈಲಿಗಳ ಕಾಲುವೆಯಲ್ಲಿ, ಎಲ್ಲಿಯೂ ಪಂಪಿಲ್ಲದೆ, ನೆಲದ ಇಳಿಜಾರಿನಿಂದಲೇ ನೀರು ಮ್ಯಾಂಚೆಸ್ಟರಿಗೆ ಹರಿಯಿತು. ಸರೋವರದ ಮಟ್ಟ ಏರಿ ಅದರ ದಂಡೆಯ ಮನೆಗಳು, ಹೊಲಗಳು ಮುಳುಗಿದವು.

ಎರಡನೆಯ ಸಲ ಮುಳುಗಿದ್ದು ಮಾರ್ಡೇಲ್ ಗ್ರೀನ್ ಎಂಬ ಇಡೀ ಹಳ್ಳಿ. 1919ರ ಕಾಯಿದೆಯಂತೆ ಹಾಸ್‌ವಾಟರ್ ಸರೋವರಕ್ಕೆ ಅಣೆಕಟ್ಟು ಕಟ್ಟುವ ಕೆಲಸ 1929ರಲ್ಲಿ ಶುರುವಾಯಿತು. 1935ರಲ್ಲಿ ಹಳ್ಳಿಯ ಪುಟ್ಟ ಇಗರ್ಜಿಯಲ್ಲಿ ಕೊನೆಯ ಪ್ರಾರ್ಥನೆ ನಡೆಯಿತು. ಸ್ಮಶಾನದಿಂದ 97 ಮಂದಿಯ ಅವಶೇಷಗಳನ್ನು ತೆಗೆದು ಶ್ಯಾಪ್ ಊರಿನಲ್ಲಿ ಮತ್ತೆ ಮಣ್ಣು ಮಾಡಿದರು. ಬರಗಾಲದ ವರ್ಷಗಳಲ್ಲಿ ನೀರಿಳಿದಾಗ, 1984ರಲ್ಲಿ, 1995ರಲ್ಲಿ, ಹಳ್ಳಿಯ ಗೋಡೆಗಳೂ ಸಣ್ಣ ಸೇತುವೆಯೂ ಹೊರಗೆ ಕಾಣಿಸಿಕೊಂಡವು. ಶರಾವತಿ ಕಣಿವೆಯಲ್ಲಿ ಲಿಂಗನಮಕ್ಕಿ ಅಣೆಕಟ್ಟಿಗೆ ಮನೆ, ಗದ್ದೆ, ದೇವಸ್ಥಾನ ಬಿಟ್ಟು ಎದ್ದವರ ಬಂಧುಗಳು ನಮ್ಮ ಓದುಗರಲ್ಲಿಯೂ ಇರಬಹುದು. ಅವರಿಗೆ ಈ ಗೋಡೆಗಳ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಮ್ಯಾಂಚೆಸ್ಟರನ್ನು ದೂರಿ ಸುಮ್ಮನಾಗುವಂತಿಲ್ಲ. ಗಿರಣಿ ಕೇರಿಯ ಮಕ್ಕಳಿಗೂ ಒಳ್ಳೆಯ ನೀರು ಬೇಕಿತ್ತು. ಇಂದು ಮ್ಯಾಂಚೆಸ್ಟರ್ ಕಡೆಯ ನಮ್ಮ ಸದಸ್ಯರು ಬೆಳಿಗ್ಗೆ ಕಾಫಿಗೆ ಇಡುವ ನೀರಿನಲ್ಲೂ ಈ ಬೆಟ್ಟಗಳ ಪಾಲಿದೆ. ಎರಡೂ ಕಡೆ ನ್ಯಾಯವಿರುವ ಜಗಳಕ್ಕೆ ದಾರಿ ತೋರಿಸಿದ್ದು 1962. ಆ ವರ್ಷ ಅಲ್ಸ್‌ವಾಟರ್ ಸರೋವರದ ಸರದಿ ಬಂತು. ಈ ಸೀಮೆಯಲ್ಲಿಯೇ, ಅಲ್ವರ್ಸ್ಟನ್ ಊರಿನಲ್ಲಿ ಹುಟ್ಟಿದ್ದ ನ್ಯಾಯಾಧೀಶ ಲಾರ್ಡ್ ಬರ್ಕೆಟ್ ಫೆಬ್ರವರಿ 8ರಂದು ಲಾರ್ಡ್ಸ್ ಸಭೆಯಲ್ಲಿ ಎದ್ದು ಮಾತಾಡಿದರು. ಮಸೂದೆಯ ಆ ಭಾಗ ಬಿದ್ದುಹೋಯಿತು. ಎರಡು ದಿನಗಳ ಬಳಿಕ ಅವರು ತೀರಿಕೊಂಡರು. ಮುಂದೆ ನಗರಕ್ಕೆ ಅಲ್ಸ್‌ವಾಟರಿನಿಂದಲೂ ನೀರು ಕೊಡಲಾಯಿತು. ಆದರೆ ಅಣೆಕಟ್ಟಿಲ್ಲದೆ, ನೆಲದಡಿಯ ಪಂಪ್‌ಹೌಸಿನ ಮೂಲಕ. ಸರೋವರ ಸರೋವರವಾಗಿಯೇ ಉಳಿಯಿತು, ನಗರಕ್ಕೂ ನೀರು ಸಿಕ್ಕಿತು. ಜನ ಜಗಳವಾಡದೆ ಸುಮ್ಮನಿದ್ದಿದ್ದರೆ ಎಂಜಿನಿಯರುಗಳು ಈ ದಾರಿಯನ್ನು ಹುಡುಕುತ್ತಿರಲಿಲ್ಲವೇನೋ.

ಕಾದವರು

ಕೆಸಿಕ್ ಬಳಿಯ ಕ್ರಾಸ್‌ತ್ವೇಟ್ ಇಗರ್ಜಿಗೆ 1883ರಲ್ಲಿ ಪಾದ್ರಿಯಾಗಿ ಬಂದ ಹಾರ್ಡ್‌ವಿಕ್ ರಾನ್‌ಸ್ಲಿ ಅದೇ ವರ್ಷ ಸಂಘ ಕಟ್ಟಿ, ಬಟರ್‌ಮಿಯರ್ ಕಣಿವೆಗೆ ಬರಲಿದ್ದ ಸ್ಲೇಟುಕಲ್ಲಿನ ರೈಲನ್ನು ತಡೆದರು. ಜಮೀನ್ದಾರರು ಹಳೆಯ ಕಾಲುದಾರಿಗಳನ್ನು ಮುಚ್ಚಿದಾಗ, 1887ರ ಅಕ್ಟೋಬರಿನಲ್ಲಿ ಸುಮಾರು 2,000 ಜನ ಲ್ಯಾಟ್‌ರಿಗ್ ಗುಡ್ಡದ ಮೇಲೆ ನಡೆದುಹೋಗಿ ತಮ್ಮ ಹಕ್ಕನ್ನು ಸ್ಥಾಪಿಸಿದರು. ಇಂದು ಮೊಮ್ಮಕ್ಕಳ ಕೈ ಹಿಡಿದು ಆ ಗುಡ್ಡವನ್ನು ಸಲೀಸಾಗಿ ಹತ್ತುವ ಅಜ್ಜ ಅಜ್ಜಿಯರು ಅವರನ್ನು ನೆನೆಯಬೇಕು. 1895ರಲ್ಲಿ ಆಕ್ಟೇವಿಯಾ ಹಿಲ್, ರಾಬರ್ಟ್ ಹಂಟರ್ ಅವರೊಡನೆ ರಾನ್‌ಸ್ಲಿ ಕಟ್ಟಿದ್ದೇ ನ್ಯಾಷನಲ್ ಟ್ರಸ್ಟ್. 1902ರಲ್ಲಿ ಜನರಿಂದ ಚಂದಾ ಎತ್ತಿ ಡರ್ವೆಂಟ್‌ವಾಟರ್ ದಂಡೆಯ ಬ್ರಾಂಡಲ್‌ಹೌ ಕಾಡನ್ನು ಕೊಂಡರು. ಈ ಉದ್ಯಾನದ ಸುಮಾರು ಐದನೆಯ ಒಂದು ಭಾಗ ಈಗ ಟ್ರಸ್ಟಿನ ಕೈಯಲ್ಲಿದೆ.

ಮಕ್ಕಳ ಪುಸ್ತಕಗಳ ಬೀಟ್ರಿಕ್ಸ್ ಪಾಟರ್ ಇನ್ನೊಬ್ಬರು. ಪೀಟರ್ ಮೊಲದ ಕತೆಯಿಂದ ಬಂದ ಹಣದಲ್ಲಿ 1905ರಲ್ಲಿ ಹಿಲ್ ಟಾಪ್ ಎಂಬ ಹೊಲಮನೆಯನ್ನು ಕೊಂಡರು. ಅಲ್ಲಿಗೆ ನಿಲ್ಲದೆ ಒಂದೊಂದೇ ಜಮೀನು ಕೊಂಡು, ಹೆರ್ಡ್‌ವಿಕ್ ಕುರಿ ಸಾಕಿ, ಕುರಿಗಾಹಿಗಳ ನಡುವೆ ಸೈ ಎನಿಸಿಕೊಂಡರು. 1943ರಲ್ಲಿ ತೀರಿಕೊಂಡಾಗ 4,000 ಎಕರೆಗೂ ಹೆಚ್ಚು ನೆಲವನ್ನು ಟ್ರಸ್ಟಿಗೆ ಬಿಟ್ಟುಹೋದರು. ಕುರಿಯಿಲ್ಲದ ಗುಡ್ಡ ಬರಿಯ ಚಿತ್ರವಾಗುತ್ತದೆಂದು ತಿಳಿದು, ಆ ಹೊಲಗಳಲ್ಲಿ ಹೆರ್ಡ್‌ವಿಕ್ ಮಂದೆ ಮುಂದುವರಿಯಬೇಕೆಂದು ಉಯಿಲಿನಲ್ಲಿ ಬರೆಸಿದ್ದರು.

ಮೊದಲ ಮಹಾಯುದ್ಧದಲ್ಲಿ ಸತ್ತ ತಮ್ಮ ಸದಸ್ಯರ ನೆನಪಿಗೆ ಒಂದು ಪರ್ವತಾರೋಹಿ ಸಂಘ 1923ರಲ್ಲಿ ಗ್ರೇಟ್ ಗೇಬಲ್ ಮೊದಲಾದ ಶಿಖರಗಳನ್ನು ಕೊಂಡು ರಾಷ್ಟ್ರಕ್ಕೆ ಕೊಟ್ಟಿತು. ಎರಡನೆಯ ಯುದ್ಧ ಮುಗಿದಾಗ, 1945ರ ಆಗಸ್ಟಿನಲ್ಲಿ, ನಾಜಿ ಶಿಬಿರಗಳಿಂದ ಬದುಕಿ ಬಂದ ಸುಮಾರು 300 ಯೆಹೂದಿ ಮಕ್ಕಳನ್ನು ವಿಂಡರ್‌ಮಿಯರ್ ಬಳಿಯ ಕ್ಯಾಲ್ಗಾರ್ತ್ ಎಂಬಲ್ಲಿ ಇಳಿಸಿಕೊಂಡರು. ತಂದೆತಾಯಿಗಳನ್ನು ಕಳೆದುಕೊಂಡ ಆ ಮಕ್ಕಳು ಹಸನಾದ ಹಾಸಿಗೆ, ಹೊಟ್ಟೆ ತುಂಬ ಊಟ, ಬೆಟ್ಟದ ಗಾಳಿಯನ್ನು ಮತ್ತೆ ಕಂಡದ್ದು ಇಲ್ಲಿ. ಈ ಸೀಮೆಯ ಚರಿತ್ರೆಯಲ್ಲಿ ಇದಕ್ಕಿಂತ ಹೆಮ್ಮೆಯ ಅಧ್ಯಾಯ ಇನ್ನೊಂದು ಇರಲಾರದು.

ಇಂದಿನ ಪ್ರಶ್ನೆ

2017ರಲ್ಲಿ ಯುನೆಸ್ಕೋ ಲೇಕ್ ಡಿಸ್ಟ್ರಿಕ್ಟನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಿಂದೆ 1980ರ ದಶಕದಲ್ಲಿ ಕೇಳಿದಾಗ, ಇದು ನಿಸರ್ಗವೋ ಮನುಷ್ಯನ ಕೃತಿಯೋ ಎಂಬ ತೊಡಕಿನಲ್ಲಿ ಅರ್ಜಿ ನಿಂತಿತ್ತು. ಎರಡೂ ಸೇರಿದ ಜಾಗಗಳಿಗಾಗಿ 1992ರಲ್ಲಿ 'ಸಾಂಸ್ಕೃತಿಕ ಭೂದೃಶ್ಯ' ಎಂಬ ಹೊಸ ವರ್ಗ ಮಾಡಲು ಆ ಚರ್ಚೆಯೂ ಒಂದು ಕಾರಣ. ಕೊನೆಗೆ ಸೇರಿದ್ದು ಆ ವರ್ಗದಲ್ಲಿಯೇ.

ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಕಾಯುವ ಕೆಲಸ ಮುಗಿಯುವುದಿಲ್ಲ. ಉದ್ಯಾನದೊಳಗೆ ವಾಸಿಸುವವರು ಸುಮಾರು 40 ಸಾವಿರ. ವರ್ಷಕ್ಕೆ ಬಂದುಹೋಗುವವರು ಒಂದು ಕೋಟಿಗೂ ಮೀರಿ. ರಜೆಯ ಮನೆಗಳಿಗೆ ಬೇಡಿಕೆ ಏರಿ, ಹಲವು ಹಳ್ಳಿಗಳಲ್ಲಿ ಅಲ್ಲೇ ಹುಟ್ಟಿದ ಯುವಕರಿಗೆ ಮನೆ ಕೊಳ್ಳುವ ಶಕ್ತಿಯಿಲ್ಲ. ವಿಂಡರ್‌ಮಿಯರಿಗೆ ಸೇರುವ ಕೊಳಚೆಯಿಂದ ಬೇಸಿಗೆಯಲ್ಲಿ ಹಸಿರು ಪಾಚಿ ಕಟ್ಟುತ್ತದೆ. 2001ರ ಕಾಲುಬಾಯಿ ಜ್ವರದಲ್ಲಿ ಅತಿ ಹೆಚ್ಚು ಪೆಟ್ಟು ತಿಂದ ಕೌಂಟಿ ಕಂಬ್ರಿಯಾ. ಮಂದೆಗಳನ್ನು ಕೊಲ್ಲಬೇಕಾದಲ್ಲಿ ಗುಡ್ಡದ ತಿಳಿವಳಿಕೆಯೂ ಕುರಿಯೊಡನೆ ಹೋಯಿತು. ಸಂತೆಯಲ್ಲಿ ಕೊಂಡು ತಂದ ಕುರಿಗೆ ತನ್ನ ಗುಡ್ಡ ಯಾವುದೆಂದು ಗೊತ್ತಿರುವುದಿಲ್ಲ. ಇನ್ನೊಂದು ಕಡೆ, ಕುರಿ ಕಡಿಮೆ ಮಾಡಿ ಕಾಡು ಮತ್ತೆ ಬೆಳೆಯಲು ಬಿಡಬೇಕೆನ್ನುವವರೂ ಇದ್ದಾರೆ. ಅವರ ಮಾತಿನಲ್ಲೂ ಹುರುಳಿದೆ. ಈ ವಾದ ತೀರುವಂಥದ್ದಲ್ಲ, ಆದರೆ ಅದರಲ್ಲಿ ನಮಗೂ ಪಾಲಿದೆ. ನಮ್ಮ ಮಕ್ಕಳು ಇಲ್ಲಿ ಹುಟ್ಟಿ ಬೆಳೆದವರು. ಈ ಗುಡ್ಡಗಳು ಅವರಿಗೆ ಪಠ್ಯಪುಸ್ತಕದ ಪದ್ಯವಲ್ಲ, ತಾವು ಬೆಳೆದ ನಾಡು. ತಾಯಿಕುರಿಯ ಹಿಂದೆ ಮರಿ ಕಲಿಯುವಂತೆ, ಈ ನೆಲದಲ್ಲಿ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಅವರು ನಮ್ಮನ್ನು ನೋಡಿಯೇ ಕಲಿಯುತ್ತಾರೆ.

ಹೋಗುವವರಿಗೆ ನಾಲ್ಕು ಮಾತು

ಮುಂದಿನ ಬೇಸಿಗೆಯಲ್ಲಿ ಹೋಗುವವರು ಡವ್ ಕಾಟೇಜಿನೊಡನೆ ಸ್ಟಾಟ್ ಪಾರ್ಕ್ ಬಾಬಿನ್ ಗಿರಣಿಯನ್ನೂ ನೋಡಿ. ಕೂಲಿಗಳ ಲೋಕ ಅಲ್ಲಿದೆ. ಕಾಸಲ್‌ರಿಗ್ ಕಲ್ಲುವೃತ್ತಕ್ಕೆ ಬೆಳಿಗ್ಗೆ ಬೇಗ ಹೋದರೆ ಜನವಿರುವುದಿಲ್ಲ, ಟಿಕೆಟ್ಟೂ ಇಲ್ಲ. ಅಲ್ಸ್‌ವಾಟರಿನ ದೋಣಿಯಾನ 1859ರಿಂದ ನಡೆದುಬಂದಿದೆ. 1875ರಲ್ಲಿ ಆರಂಭವಾದ ರೇವನ್‌ಗ್ಲಾಸ್–ಎಸ್ಕ್‌ಡೇಲ್ ಪುಟಾಣಿ ರೈಲು ಮಕ್ಕಳಿಗೆ ಬಲು ಇಷ್ಟ. ಹಾರ್ಡ್‌ನಾಟ್ ಕೋಟೆಗೆ ಹೋಗುವ ರಸ್ತೆ ಅತಿ ಕಡಿದು; ಹೊಸದಾಗಿ ಕಾರು ಕಲಿತವರು ಪ್ರಯತ್ನಿಸದಿರುವುದು ಲೇಸು. ಗ್ರಾಸ್‌ಮಿಯರಿನ ಶುಂಠಿ ಬ್ರೆಡ್ಡನ್ನು ಮಾಡಿ ಮಾರಲು ಸಾರಾ ನೆಲ್ಸನ್ ಎಂಬಾಕೆ ಆರಂಭಿಸಿದ್ದು 1854ರಲ್ಲಿ. ನಮ್ಮ ನಾಲಿಗೆಗೆ ಅದು ಚೆನ್ನಾಗಿ ಒಗ್ಗುತ್ತದೆ. ವಿಂಡರ್‌ಮಿಯರಿನವರೆಗೆ ರೈಲಿದೆ, ಅಲ್ಲಿಂದ ಮುಂದೆ ಬಸ್ಸುಗಳಿವೆ. ಕಾರು ಮನೆಯಲ್ಲಿ ಬಿಟ್ಟು ಹೋದರೆ ಪಾರ್ಕಿಂಗಿನ ಚಿಂತೆಯೂ ಇಲ್ಲ.

ದಾರಿಯಲ್ಲಿ ಹೊಲದ ಗೇಟು ತೆರೆದರೆ ದಾಟಿದ ಮೇಲೆ ಮುಚ್ಚಿ. ಗಾರೆಯಿಲ್ಲದೆ ಕಟ್ಟಿದ ಕಲ್ಲುಗೋಡೆಗಳ ಮೇಲೆ ಮಕ್ಕಳನ್ನು ಹತ್ತಿಸಬೇಡಿ. ಒಂದು ಕಲ್ಲು ಜಾರಿದರೆ ಅದನ್ನು ಮತ್ತೆ ಎತ್ತಿಡಲು ರೈತನೇ ಬರಬೇಕು. ಬುತ್ತಿ ಉಂಡ ಜಾಗದಲ್ಲಿ ಕಸ ಬಿಡಬೇಡಿ. ಬಿಸ್ಕತ್ತನ್ನೂ ಹಾಲನ್ನೂ ಸಾಧ್ಯವಾದಷ್ಟು ಆ ಹಳ್ಳಿಯ ಅಂಗಡಿಯಲ್ಲಿಯೇ ಕೊಳ್ಳಿ. ಥರ್ಲ್‌ಮಿಯರ್ ದಾರಿಯಾಗಿ ಹೋಗುವಾಗ ಐದು ನಿಮಿಷ ಕಾರು ನಿಲ್ಲಿಸಿ, ಆ ನೀರಿನಡಿ ಮನೆಗಳಿದ್ದವೆಂದು ಮಕ್ಕಳಿಗೆ ಹೇಳಿ.